ಅಕ್ಕ ಕುಡಿದ ಕಾಯಿನೀರು

ನಮ್ಮಕ್ಕನಿಗೆ ಸಾವಿನ ಭಯ ಇರಲಿಲ್ಲ, ಹಾಸಿಗೆಯ ಭಯ ಇತ್ತು. "ನಿಂತ್ಕಂಡಿರೋವಾಗ್ಲೇ ದೊಪ್ಪಂತ ಬಿದ್ದು ಹೋಗ್ಬುಡ್ಬೇಕು ಕಣೇ, ಇನ್ನೊಬ್ರ ಕೈಲಿ ಮೈ ತೊಳಸ್ಕಬಾರ್ದು" ಎಂದು ವಾರಕ್ಕೊಂದು ಸಲವಾದರೂ ಹೇಳುತ್ತಿದ್ದಳು. ಸುಮ್ಮನೆ ಆಡುವ ಮಾತಲ್ಲ ಅದು. ನಮ್ಮವ್ವ ಲಕ್ವ ಹೊಡೆದು ಆರು ವರ್ಷ ನಡುಮನೆಯ ಮೂಲೆಯಲ್ಲಿ ಮಲಗಿದ್ದಳು. ಅವಳ ಬಾಯಿ ಒರೆಸಿದವಳು, ಮಗ್ಗುಲು ಹೊರಳಿಸಿದವಳು, ಬೆನ್ನ ಹುಣ್ಣಿಗೆ ಪುಡಿ ಹಾಕಿದವಳು, ಬಟ್ಟೆ ಒಗೆದವಳು ಎಲ್ಲ ಅಕ್ಕನೇ. ನಾನಾಗ ಸ್ಕೂಲಿಗೆ ಹೋಗುವ ಹುಡುಗಿ, ವಾಸನೆಗೆ ಮೂಗು ಮುಚ್ಚಿಕೊಂಡು ಹೊರಗೆ ಓಡುತ್ತಿದ್ದೆ. ಇದನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ. ಇಲ್ಲಿ ಬರೆಯಬೇಕಾದ ನಾಚಿಕೆಗಳಲ್ಲಿ ಇದು ಚಿಕ್ಕದು.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಮದುವೆಯಾದ ಮೂರನೇ ವರ್ಷಕ್ಕೆ ಗಂಡ ತೀರಿಕೊಂಡು ದಬ್ಬೇಘಟ್ಟದ ಹತ್ತಿರದ ನಮ್ಮೂರಿಗೆ ವಾಪಸ್ಸು ಬಂದವಳು ಅವ್ವನ ಪಕ್ಕ ಕೂತಳು. ಅವ್ವ ಹೋದ ಮೇಲೆ ನನ್ನನ್ನು ಕಟ್ಟಿಕೊಂಡು ತಿಪಟೂರಿಗೆ ಬಂದು ಕೊಬ್ಬರಿ ಪುಡಿ ಫ್ಯಾಕ್ಟರಿ ಸೇರಿದಳು. ನನ್ನ ಪಿಯುಸಿ, ನನ್ನ ನರ್ಸಿಂಗ್ ಟ್ರೈನಿಂಗು, ನನ್ನ ಮದುವೆಯ ಸೀರೆ ಎಲ್ಲವೂ ಅವಳು ಹೆರೆದ ಕಾಯಿಯಿಂದ ಬಂದದ್ದು.

ಹೆರೆಯುವುದೆಂದರೆ ಏನೆಂದು ಹೇಳಿಬಿಡುತ್ತೇನೆ. ಫ್ಯಾಕ್ಟರಿಯಲ್ಲಿ ಗಂಡಸರು ಬಲಿತ ಕಾಯಿಯ ಚಿಪ್ಪನ್ನು ಒಡೆದು, ಒಳಗಿನ ಗುಂಡು ಒಡೆಯದ ಹಾಗೆ ಬಿಡಿಸಿ ಹೆಂಗಸರ ಮುಂದೆ ಸುರಿಯುತ್ತಾರೆ. ಹೆಂಗಸರು ಸಾಲಾಗಿ ಕೂತು ಅದರ ಕಂದು ಸಿಪ್ಪೆಯನ್ನು ಚಾಕುವಿನಲ್ಲಿ ಹೆರೆದು ಬೆಳ್ಳಗೆ ಮಾಡುತ್ತಾರೆ. ಆಮೇಲೆ ಅದನ್ನು ಕೊಯ್ದು ನೀರು ಬಸಿದು ತೊಟ್ಟಿಗೆ ಹಾಕಬೇಕು. ಆ ನೀರು ಚರಂಡಿಗೆ ಹೋಗುತ್ತದೆ. ಫ್ಯಾಕ್ಟರಿಯ ಬೋರಿನ ನೀರು ಸವಳು, ಬಾಯಿಗಿಡುವ ಹಾಗಿಲ್ಲ. ಹಾಗಾಗಿ ಬಾಯಾರಿದಾಗ ಯಾರೂ ಎದ್ದು ಹೋಗುತ್ತಿರಲಿಲ್ಲ. ಹೆರೆದ ಕಾಯಿಗೆ ಚಾಕುವಿನ ತುದಿಯಲ್ಲಿ ಒಂದು ತೂತು ಮಾಡಿ, ತಲೆ ಹಿಂದಕ್ಕೆ ಬಾಗಿಸಿ, ಗಟಗಟ ಕುಡಿದು, ಮುಂದಿನ ಕಾಯಿ ಎತ್ತಿಕೊಳ್ಳುತ್ತಿದ್ದರು. ಪರೀಕ್ಷೆ ಮುಗಿದ ರಜೆಗಳಲ್ಲಿ ನಾನೂ ಅಕ್ಕನ ಪಕ್ಕ ಕೂತು ಹೆರೆದಿದ್ದೇನೆ, ನಾನೂ ಹಾಗೇ ಕುಡಿದಿದ್ದೇನೆ. ಈ ಮಾತು ನೆನಪಿರಲಿ.

ಅಕ್ಕನಿಗೆ ಬಿಪಿ ಇದೆಯೆಂದು ಗೊತ್ತಾದಾಗ ಅವಳಿಗೆ ನಲವತ್ತೈದು ದಾಟಿತ್ತು. ಮೊದಲನೇ ಸಲ ನೋಡಿದಾಗಲೇ ಮೇಲಿನ ಅಂಕಿ ಇನ್ನೂರರ ಹತ್ತಿರ ಹೋಗಿತ್ತು. ಒಂದು ಮಾತ್ರೆ ಕೊಟ್ಟರು, ಇಳಿಯಲಿಲ್ಲ. ಎರಡಾಯಿತು, ಮೂರಾಯಿತು. ನೂರ ಎಂಬತ್ತು, ನೂರ ತೊಂಬತ್ತು, ಅಲ್ಲಿಂದ ಕೆಳಗೆ ಬರುವುದೇ ಇಲ್ಲ ಎಂದು ಕೂತುಬಿಟ್ಟಿತು. ಬೆಳಗ್ಗೆ ಎದ್ದರೆ ಕತ್ತಿನ ಹಿಂದೆ ಒನಕೆಯಲ್ಲಿ ಕುಟ್ಟಿದ ಹಾಗೆ ನೋವು. ಡಾಕ್ಟರ ಹತ್ತಿರ ಹೋದರೆ ಮೊದಲ ಪ್ರಶ್ನೆ, "ಮಾತ್ರೆ ಸರಿಯಾಗಿ ತಗೊಳ್ತಿದೀಯೇನಮ್ಮಾ?" ಅಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. "ನುಂಗ್ದೆ ಏನು ಕೋಳಿಗೆ ಹಾಕ್ತೀನಾ?" ಎಂದು ಹೊರಗೆ ಬಂದು ನನ್ನ ಮೇಲೆ ರೇಗುತ್ತಿದ್ದಳು. ಉಪ್ಪು ಬಿಟ್ಟಳು. ಉಪ್ಪಿನಕಾಯಿ ಬಿಟ್ಟಳು. ಮುದ್ದೆಗೆ ಸಪ್ಪೆ ಸಾರು ಸುರಿದುಕೊಂಡು ಔಷಧ ಕುಡಿಯುವವಳ ಮುಖ ಮಾಡಿಕೊಂಡು ನುಂಗುತ್ತಿದ್ದಳು. ಏನು ಬಿಟ್ಟರೂ ಬಿಪಿ ಮಾತ್ರ ಅವಳನ್ನು ಬಿಡಲಿಲ್ಲ.

ಪ್ರತಿ ಸಲ ಬಿಪಿ ನೋಡಿಸಿಕೊಂಡ ಮೇಲೆ ಅವಳು ಕೇಳುತ್ತಿದ್ದದ್ದು ಒಂದೇ: "ಅವ್ವುಂಗೂ ಇಷ್ಟೇ ಇತ್ತೇನೇ?" ಅವ್ವನಿಗೆ ಯಾರೂ ಬಿಪಿ ನೋಡಿಯೇ ಇರಲಿಲ್ಲ. ನಾನು, "ಅವ್ವುಂಗೆ ಇನ್ನೂ ಜಾಸ್ತಿ ಇತ್ತು ಬುಡು" ಎಂದು ಸುಳ್ಳು ಹೇಳುತ್ತಿದ್ದೆ.

ನಾನು ಆ ಹೊತ್ತಿಗೆ ತಿಪಟೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಫೀಲ್ಡ್ ಕೆಲಸಕ್ಕೆ ಸೇರಿದ್ದೆ. ಮೂರು ಮಾತ್ರೆ ನುಂಗಿದರೂ ಬಗ್ಗದ ಬಿಪಿಗೆ ಒಂದು ಹೊಸ ಮಾತ್ರೆ ಬಂದಿತ್ತು. ಅದು ನಿಜವಾಗಿಯೂ ಕೆಲಸ ಮಾಡುತ್ತದೆಯೇ, ಏನಾದರೂ ತೊಂದರೆ ಕೊಡುತ್ತದೆಯೇ ಎಂದು ಬೇರೆ ಬೇರೆ ಊರುಗಳಲ್ಲಿ ಪರೀಕ್ಷೆ ಮಾಡುತ್ತಿದ್ದರು, ಅದರಲ್ಲಿ ನಮ್ಮ ಕಡೆಯೂ ಒಂದು. ಬೆಂಗಳೂರಿಂದ ವಾರಕ್ಕೊಮ್ಮೆ ಒಬ್ಬ ಲೇಡಿ ಡಾಕ್ಟರು ಬರುತ್ತಿದ್ದರು. ಚಿಕ್ಕನಾಯಕನಹಳ್ಳಿ, ತುರುವೇಕೆರೆ ಕಡೆಯ ಹಳ್ಳಿಗಳಿಗೆ ಬಸ್ಸಲ್ಲಿ ಹೋಗಿ, ಅಂಥ ಬಿಪಿಯವರನ್ನು ಹುಡುಕಿ, ಒಪ್ಪಿಸಿ, ಕರೆತಂದು, ಆಮೇಲೆ ಅವರ ಮನೆಗೆ ಹೋಗಿ ಬಿಪಿ ನೋಡಿ, ಏನು ತಿಂದರು ಏನು ಕುಡಿದರು ಎಂದು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಗಂಡ ಗೂಡ್ಸ್ ಆಟೋ ಓಡಿಸುತ್ತಾನೆ, ಬಾಡಿಗೆ ಸಿಕ್ಕಿದ ದಿನ ಸಿಕ್ಕಿತು, ಇಲ್ಲದ ದಿನ ಇಲ್ಲ. ಮನೆ ನಡೆಯುತ್ತಿದ್ದದ್ದು ನನ್ನ ಕೆಲಸದಿಂದ.

ಊರೆಲ್ಲ ಹುಡುಕಿದವಳಿಗೆ ನಮ್ಮದೇ ಮನೆಯ ಹಿಂದಿನ ಕೋಣೆಯಲ್ಲಿದ್ದ ಅಕ್ಕ ಹೊಳೆಯಲು ಒಂದು ತಿಂಗಳು ಬೇಕಾಯಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುವುದು ನಮ್ಮಂಥವರನ್ನು ನೋಡಿಯೇ. ಡಾಕ್ಟರಿಗೆ, "ಮೇಡಂ, ನಮ್ಮ ಸ್ವಂತ ಅಕ್ಕ ಇದ್ದಾಳೆ, ಸೇರಿಸಬಹುದಾ?" ಎಂದು ಕೇಳಿದೆ. ಅವರು ಯೋಚನೆ ಮಾಡಿ, "ಸೇರಿಸಬಹುದು. ನಿಮ್ಮಕ್ಕ ಅಂದ್ರೆ ನೀವು ಇನ್ನೂ ಚೆನ್ನಾಗಿ ವಿಚಾರಿಸ್ತೀರಾ" ಅಂದರು.

ಅಕ್ಕನನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಕೆಲವರಿಗೆ ನಿಜವಾದ ಮಾತ್ರೆ, ಕೆಲವರಿಗೆ ನೋಡಲು ಅದೇ ಥರ ಇರುವ ಹುಸಿ ಮಾತ್ರೆ, ಯಾರಿಗೆ ಯಾವುದು ಎಂದು ಡಾಕ್ಟರಿಗೂ ಗೊತ್ತಿರುವುದಿಲ್ಲ ಎಂದು ವಿವರಿಸಿದೆ.

"ಇದೇನೇ, ಲಾಟ್ರಿನಾ?" ಅಂದಳು.

"ಲಾಟ್ರಿನೇ ಅಂದ್ಕೋ. ಹಳೇ ಮೂರು ಮಾತ್ರೆ ಅಂತೂ ಇದ್ದೇ ಇರ್ತವೆ. ಅದರ ಮೇಲೆ ಇದು."

"ಹುಸಿದು ಬಂದ್ರೆ?"

"ಬಂದ್ರೆ ಈಗಿರೋ ಹಂಗೇ ಇರ್ತೀಯ. ಕಳ್ಕೊಳೋದೇನೈತೆ?"

ಕಳೆದುಕೊಳ್ಳುವುದು ಏನಿದೆ ಎಂದು ನಾನು ಎಷ್ಟು ಸಲೀಸಾಗಿ ಅಂದೆ! ಅಕ್ಕ ಕಾಗದಗಳನ್ನು ತಿರುಗಿಸಿ ನೋಡಿದಳು, "ಲಕ್ವ ಹೊಡ್ಯಲ್ಲ ಅಂತ ಇದ್ರಾಗೆ ಬರ್ದವ್ರಾ?" ಎಂದು ಕೇಳಿದಳು. ಹಾಗೆ ಯಾರೂ ಬರೆದುಕೊಡುವುದಿಲ್ಲ, ಬಿಪಿ ಇಳಿದರೆ ಹೊಡೆಯುವ ಭಯ ಕಮ್ಮಿ ಅಂದೆ. ಅಷ್ಟಕ್ಕೇ ಸಹಿ ಹಾಕಿದಳು.

ಮೊದಲ ತಿಂಗಳು ಹೊಸ ಮಾತ್ರೆ ಕೊಡಲಿಲ್ಲ. ಹಳೆಯ ಮೂರನ್ನು ನನ್ನ ಕಣ್ಣೆದುರೇ ನುಂಗಬೇಕು, ಮಾತ್ರೆ ಬಿಟ್ಟದ್ದರಿಂದ ಬಿಪಿ ಏರಿದ್ದಲ್ಲ ಎಂದು ಖಾತ್ರಿಯಾಗಬೇಕು. ದಿನಾ ಬೆಳಗ್ಗೆ ಅಕ್ಕ ನುಂಗಿ, "ಆ" ಎಂದು ಬಾಯಿ ತೆಗೆದು, ನಾಲಿಗೆ ಎತ್ತಿ ತೋರಿಸುತ್ತಿದ್ದಳು. "ನೋಡ್ಕಳಮ್ಮಾ ಇನ್‌ಸ್ಪೆಕ್ಟ್ರೇ, ಹಲ್ ಸಂದೀಲೂ ನೋಡ್ಕ." ತಿಂಗಳ ಕೊನೆಗೆ ನೂರ ಎಂಬತ್ತೆಂಟು. ತನ್ನದು ಸುಳ್ಳಲ್ಲ ಎಂದು ಸಾಬೀತಾದದ್ದೇ ಅವಳಿಗೆ ಒಂದು ಸಂತೋಷ. ಆ ಹಳೆಯ ಡಾಕ್ಟರ ಹತ್ತಿರ ಹೋಗಿ ಹೇಳಿಬರಲೇ ಎಂದು ಕೇಳಿದಳು.

ಇನ್ನು ನನ್ನ ತಪ್ಪಿನ ಮಾತು.

ಹೊಸ ಮಾತ್ರೆಗೆ ಒಂದು ಗುಣವಿತ್ತು. ರಕ್ತದಲ್ಲಿ ಪೊಟ್ಯಾಶಿಯಂ ಎಂಬ ಒಂದು ಉಪ್ಪಿನಂಶ ಇರುತ್ತದೆ, ಅದನ್ನು ಈ ಮಾತ್ರೆ ಏರಿಸಬಹುದು. ತುಂಬ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಹಾಗಾಗಿ ಮಾತ್ರೆ ಶುರುಮಾಡುವ ಮುಂಚೆ, ಆ ಅಂಶ ಜಾಸ್ತಿ ಇರುವ ಏನೇನನ್ನು ಎಷ್ಟೆಷ್ಟು ತಿನ್ನುತ್ತೀರಿ, ಕುಡಿಯುತ್ತೀರಿ ಎಂದು ಒಂದೊಂದಾಗಿ ಕೇಳಿ ಬರೆಯುವ ಹಾಳೆ ಇತ್ತು. ಬಾಳೆಹಣ್ಣು, ಕಿತ್ತಳೆ, ಹಣ್ಣಿನ ರಸ, ಎಳನೀರು, ಇನ್ನೂ ಏನೇನೋ. ಕೊನೆಯಲ್ಲಿ, "ಮೇಲಿನ ಎಲ್ಲವನ್ನೂ ನಾನು ಖುದ್ದಾಗಿ ಕೇಳಿದ್ದೇನೆ, ಅವರು ದಿನವಿಡೀ ಕುಡಿಯುವುದನ್ನೆಲ್ಲ ವಿಚಾರಿಸಿದ್ದೇನೆ" ಎಂದು ಅಚ್ಚಾಗಿತ್ತು. ಅದರ ಕೆಳಗೆ ನನ್ನ ಸಹಿ.

ಮೊದಲ ಸಲ ಆ ಹಾಳೆ ಕೊಡುವಾಗ ಡಾಕ್ಟರು, "ತೆಂಗಿನ ಸೀಮೆ ಇದು, ಎಳನೀರು ಮಾತ್ರ ಸರಿಯಾಗಿ ಕೇಳಿ" ಎಂದು ಎರಡು ಸಲ ಹೇಳಿದ್ದರು. ನನಗೆ ಎಲ್ಲಿಂದ ಬಂತೋ ಆ ಜಂಬ. "ಮೇಡಂ, ಎಳನೀರು ಕುಡಿಯೋದು ಮದ್ದೂರು ಕಡೆ. ನಮ್ದು ಕೊಬ್ಬರಿ ಸೀಮೆ. ನಮ್ಮಲ್ಲಿ ಎಳೇ ಕಾಯಿ ಕಿತ್ರೆ ಹಿರಿಯರು ಬೈತಾರೆ, ಮೈ ಸರಿ ಇಲ್ದಾಗ ಒಂದು ಕಿತ್ರೆ ಕಿತ್ರು" ಎಂದೆ. ಮಾತು ಸುಳ್ಳಲ್ಲ. ನಮ್ಮ ಕಡೆ ಕಾಯಿ ಮರದಲ್ಲೇ ಬಲಿಯಬೇಕು, ಆಮೇಲೆ ಅಟ್ಟದ ಮೇಲೆ ವರ್ಷದ ಹತ್ತಿರ ಕೂತು, ನೀರೆಲ್ಲ ಇಂಗಿ, ಒಳಗೇ ಗುಡುಗುಡು ಅಲ್ಲಾಡುವ ಕೊಬ್ಬರಿಯಾಗಬೇಕು. ಡಾಕ್ಟರು ಆಸಕ್ತಿಯಿಂದ ಕೇಳಿಕೊಂಡರು. ನಾನು ಮೇಷ್ಟರ ಥರ ಹೇಳಿದೆ.

ಅಲ್ಲಿಂದ ಮುಂದೆ ಎಳನೀರಿನ ಸಾಲು ಬಂದರೆ ಕೇಳುವುದಕ್ಕೇ ಹೋಗದೆ "ಇಲ್ಲ" ಎಂದು ಬರೆಯುತ್ತಿದ್ದೆ. ಬಿಸಿಲಲ್ಲಿ ನಡೆದು ಸುಸ್ತಾಗಿ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ನಾಲ್ಕೈದು ಜನರ ಹಾಳೆ ಒಟ್ಟಿಗೇ ತುಂಬಿಸಿದ್ದೂ ಉಂಟು. ಅಕ್ಕನ ಹಾಳೆಯನ್ನಂತೂ ಅಡುಗೆಮನೆಯಲ್ಲಿ ಒಗ್ಗರಣೆ ಸೀಯದ ಹಾಗೆ ನೋಡಿಕೊಳ್ಳುತ್ತಾ ತುಂಬಿಸಿದೆ. ಅಕ್ಕನನ್ನು ಏನು ಕೇಳುವುದು? ಅವಳು ಬೆಳಗ್ಗೆ ಏನು ತಿನ್ನುತ್ತಾಳೆ, ರಾತ್ರಿ ಏನು ತಿನ್ನುತ್ತಾಳೆ ಎಂದು ನನಗೆ ಗೊತ್ತಿಲ್ಲವೇ? ಬಾಳೆಹಣ್ಣು ಇಲ್ಲ, ಕಿತ್ತಳೆ ಇಲ್ಲ, ಎಳನೀರು ಇಲ್ಲ. ಸಹಿ.

ಅವಳ ಹಗಲು ಫ್ಯಾಕ್ಟರಿಯಲ್ಲಿ ಕಳೆಯುತ್ತದೆ ಎಂಬುದು ನನ್ನ ಮಂಡೆಗೆ ಬರಲೇ ಇಲ್ಲ. ಚರಂಡಿಗೆ ಹೋಗುವ ನೀರನ್ನು ನಮ್ಮಲ್ಲಿ ಯಾರೂ ಕುಡಿಯುವ ಪದಾರ್ಥ ಅಂದುಕೊಂಡಿರಲಿಲ್ಲ. ಕಾಫಿ ಕುಡಿಯುವುದು, ಮಜ್ಜಿಗೆ ಕುಡಿಯುವುದು. ಕಾಯಿನೀರು ಬರೀ ಕಾಯಿಯ ಜೊತೆ ಬರುವಂಥದ್ದು.

ಹೊಸ ಮಾತ್ರೆ ಶುರುವಾದ ಎರಡನೇ ವಾರಕ್ಕೆ ನೂರ ಅರವತ್ತು. ನಾಲ್ಕನೇ ವಾರ ನಾನು ಪಟ್ಟಿ ಸುತ್ತಿ ಮಿಷನ್ ಒತ್ತಿದೆ. ನೂರ ಮೂವತ್ತೆರಡು. ನಂಬಲಾಗದೆ ಇನ್ನೊಂದು ಸಲ ಒತ್ತಿದೆ. ನೂರ ಮೂವತ್ತು.

"ಎಷ್ಟೇ?" ಅಂದಳು ಅಕ್ಕ, ಬೈಸಿಕೊಳ್ಳಲು ಕೂತವಳ ಹಾಗೆ.

ಹೇಳಿದೆ. "ಇನ್ನೊಂದ್ ಕಿತ ಹೇಳು" ಅಂದಳು. ಇನ್ನೊಂದು ಸಲ ಹೇಳಿದೆ. ಅಯ್ಯೋ ಶಿವನೇ, ಆ ಮುಖ! ನನ್ನ ಮದುವೆಯ ದಿನವೂ ಅವಳು ಹಾಗೆ ನಕ್ಕಿರಲಿಲ್ಲ. ಮಾರನೆಯ ಬೆಳಗ್ಗೆ ಎದ್ದು ನೋಡಿದರೆ ಬಾಗಿಲ ಮುಂದೆ ಬೀದಿಯ ಅರ್ಧದ ತನಕ ರಂಗೋಲಿ. ಬಗ್ಗಿದರೆ ತಲೆ ತಿರುಗುತ್ತದೆಂದು ಅವಳು ರಂಗೋಲಿ ಬಿಟ್ಟು ಆರು ವರ್ಷವಾಗಿತ್ತು. "ನಂಗೆ ನಿಜವಾದ್ದೇ ಬಂದೈತೆ ಕಣೇ. ಲಾಟ್ರಿ ಹೊಡೀತು" ಎಂದು ಪಕ್ಕದ ಮನೆಗೆಲ್ಲ ಹೇಳಿಕೊಂಡು ಬಂದಳು. ಕತ್ತಿನ ನೋವು ಹೋಗಿತ್ತು. ಅವ್ವನ ಮಾತು ಎತ್ತುವುದನ್ನೂ ನಿಲ್ಲಿಸಿದಳು. ಆ ಮೂರು ವಾರ ಅವಳು ಹಾಸಿಗೆಯ ಭಯ ಇಲ್ಲದೆ ಬದುಕಿದಳು. ನನಗೆ ತಿಳಿದ ಹಾಗೆ ಅವಳ ಆಯುಷ್ಯದಲ್ಲಿ ಅಂಥ ಮೂರು ವಾರ ಅಷ್ಟೇ.

ಆಮೇಲೆ ಒಂದು ದಿನ ರಕ್ತದ ವರದಿ ಬಂತು. ಪೊಟ್ಯಾಶಿಯಂ ಏರಿತ್ತು. ಡಾಕ್ಟರು ನನ್ನನ್ನು ಕೂರಿಸಿಕೊಂಡು ಅಕ್ಕನ ಹಾಳೆ ಮುಂದಿಟ್ಟರು. "ಹಣ್ಣು ಇಲ್ಲ, ಜ್ಯೂಸ್ ಇಲ್ಲ. ಎಳನೀರು?"

"ಇಲ್ಲ ಮೇಡಂ."

"ಖಂಡಿತಾ?"

"ನಮ್ಮನೇಲೇ ಇರೋದು ಮೇಡಂ ಅವಳು. ನಂಗೊತ್ತಿಲ್ವಾ?"

"ಹಾಗಾದ್ರೆ ಮಾತ್ರೆಯಿಂದಲೇ ಇರಬೇಕು" ಎಂದು ನಿಟ್ಟುಸಿರು ಬಿಟ್ಟರು. ಸೋಮವಾರ ಇನ್ನೊಂದು ಸಲ ರಕ್ತ ನೋಡುವುದು, ಆಗಲೂ ಹೀಗೇ ಇದ್ದರೆ ಅಕ್ಕನನ್ನು ಪರೀಕ್ಷೆಯಿಂದ ಕೈಬಿಡಬೇಕಾಗುತ್ತದೆ, ಒಂದು ಸಲ ಬಿಟ್ಟರೆ ಮತ್ತೆ ಸೇರಿಸಿಕೊಳ್ಳುವ ಹಾಗಿಲ್ಲ ಅಂದರು. ಅಂಗಡಿಯಲ್ಲಿ ಸಿಗುವ ಮಾತ್ರೆಯಲ್ಲ ಅದು. ಕೈಬಿಟ್ಟರು ಎಂದರೆ ಮುಗಿಯಿತು.

ಸೋಮವಾರ ಬೆಳಗ್ಗೆ ಅಕ್ಕ ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಟ್ಟು, ಹೊತ್ತಾಯಿತೆಂದು ಹಾಗೇ ಫ್ಯಾಕ್ಟರಿಗೆ ಓಡಿದಳು. ತಿಂಡಿಯ ಡಬ್ಬಿ ಆಸ್ಪತ್ರೆಯ ಬೆಂಚಿನ ಮೇಲೇ ಉಳಿಯಿತು. ಹತ್ತು ಗಂಟೆಗೆ ನಾನು ಅದನ್ನು ಎತ್ತಿಕೊಂಡು ಹೋದೆ. ಎಷ್ಟೋ ವರ್ಷದ ಮೇಲೆ ಆ ಶೆಡ್ಡಿನೊಳಗೆ ಕಾಲಿಟ್ಟದ್ದು. ಹುಳಿತ ಕಾಯಿನೀರಿನ ಅದೇ ನಾತ, ಅದೇ ಸಾಲು, ಅದೇ ಚಾಕುಗಳ ಕರಕರ. ಅಕ್ಕ ನನ್ನನ್ನು ನೋಡದೆ ಮಗ್ಗುಲಾಗಿ ಕೂತಿದ್ದಳು. ನಾನು ನೋಡುತ್ತಿದ್ದ ಹಾಗೇ ಒಂದು ಬೆಳ್ಳನೆಯ ಗುಂಡು ಎತ್ತಿಕೊಂಡಳು, ಚಾಕುವಿನ ತುದಿಯಲ್ಲಿ ತೂತು ಮಾಡಿದಳು, ತಲೆ ಹಿಂದಕ್ಕೆ ಬಾಗಿಸಿ ಕುಡಿದಳು. ಹಸಿದಿದ್ದಳಲ್ಲ, ಇನ್ನೊಂದು ಎತ್ತಿಕೊಂಡು ಅದನ್ನೂ ಕುಡಿದಳು.

ನನ್ನ ಕೈಯಲ್ಲಿದ್ದ ಡಬ್ಬಿ ಜಾರಿ ಕೆಳಗೆ ಬಿತ್ತು. ಹಾಳಾದವಳು ನಾನು, ಹಾಳಾದವಳು! ಎರಡು ರಜೆ ಅದೇ ಸಾಲಿನಲ್ಲಿ ಕೂತು ಅದೇ ನೀರು ಕುಡಿದವಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಹಿತ್ತಲ ಗಿಡ ವಿಷವಾಗಬಹುದು ಎಂದೂ ಯಾರಿಗೂ ಹೊಳೆಯುವುದಿಲ್ಲ.

ಅವಳನ್ನು ಹೊರಗೆ, ಸಿಪ್ಪೆಯ ರಾಶಿಯ ಹಿಂದೆ ಎಳೆದುಕೊಂಡು ಹೋದೆ. "ದಿನಕ್ಕೆ ಎಷ್ಟು ಕುಡೀತೀಯಕ್ಕ ಇದನ್ನ?"

"ಯಾವುದ್ನ? ಕಾಯಿನೀರಾ? ಯಾರ್ ಎಣಿಸ್ತಾರೆ. ಬಾಯಾರ್ದಾಗ ಕುಡೀತೀನಿ. ಏಳೋ ಎಂಟೋ."

"ಮೊನ್ನೆನೂ ಕುಡ್ದೆಯಾ? ಆಚೆ ಮೊನ್ನೆ?"

"ದಿನಾ ಕುಡೀತೀನಿ ಕಣೇ. ಏನಾಯ್ತು ಈಗ?"

ಹೇಳಿದೆ. ಎಳನೀರಿನಲ್ಲಿ ಇರುವುದೇ ಇದರಲ್ಲೂ ಇದೆ, ರಕ್ತದಲ್ಲಿ ಏರಿದ್ದು ಇದರಿಂದಲೇ ಇರಬೇಕು, ಮಾತ್ರೆಯ ಜೊತೆ ಇದು ಸೇರಿ ಹೀಗಾಗಿದೆ ಅಂದೆ. "ಅಷ್ಟೇ ತಾನೆ? ಬುಟ್ಟೆ ತಗಾ. ಇವತ್ತಿಂದ ಮನೆಯಿಂದ ನೀರು ತತ್ತೀನಿ. ಹೋಗಿ ನಿಮ್ಮ ಡಾಕ್ಟ್ರಮ್ಮುಂಗೆ ಹೇಳು" ಅಂದಳು.

ನಾನು ಅಲ್ಲೇ ನಿಂತೆ. ಹೇಳುವುದೆಂದರೆ ಏನು ಹೇಳುವುದು? ಕೇಳದೇ ಬರೆದೆ ಎಂದು. ಅಕ್ಕನದು ಮಾತ್ರವಲ್ಲ, ಎಷ್ಟೋ ಜನರ ಹಾಳೆಗಳಲ್ಲಿ ಆ ಸಾಲನ್ನು ಕೇಳದೇ ಬರೆದು ಸಹಿ ಹಾಕಿದ್ದೇನೆ ಎಂದು. ಅಕ್ಕನಿಗೆ ಇದನ್ನು ಅರ್ಧ ಹೇಳುವುದರೊಳಗೆ ನನಗೆ ಅಳು ಬಂತು.

"ಕೆಲ್ಸ ತೆಗೀತಾರಾ?" ಅಂದಳು.

"ತೆಗೀದೆ ಇಟ್ಕೋತಾರಾ?"

ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡಳು. ನೆಲಕ್ಕೆ ಬಿದ್ದು ಚೆಲ್ಲಿದ ಚಿತ್ರಾನ್ನವನ್ನು ಇಬ್ಬರು ಹೆಂಗಸರು ಬಾಚಿ ಡಬ್ಬಿಗೆ ತುಂಬುತ್ತಿರುವುದನ್ನು ರಾಶಿಯ ಮರೆಯಿಂದ ಇಣುಕಿ ನೋಡಿದಳು. ಆಮೇಲೆ ಅಂದಳು, "ಹಂಗಾರೆ ಹೇಳ್ಬ್ಯಾಡ ಬುಡು ಮಗಾ. ಬೆಳಗ್ಗೆ ಕೊಟ್ಟ ರಕ್ತ ಚೆನ್ನಾಗೇ ಬರ್ಬೋದು, ಯಾರಿಗ್ಗೊತ್ತು. ನನ್ ಹಣೇಲಿ ಬರ್ದಿದ್ದಂಗಾಯ್ತದೆ. ನಿನ್ ಅನ್ನ ಯಾಕೆ ಕಳ್ಕೋತೀಯ?"

ಆ ಮಾತಿಗಾಗಿಯೇ ನಾನು ಕಾದಿದ್ದೆ. ಇಷ್ಟು ವರ್ಷದ ಮೇಲೆ ಬೇರೆ ಥರ ಹೇಳಿಕೊಂಡರೆ ನಾಲಿಗೆ ಸೇದಿಹೋಗಲಿ. ಅವಳು ಹೇಳಬೇಡ ಅಂದಾಗ ನನ್ನ ಎದೆ ಹಗುರವಾಯಿತು. "ನೀನು ಹೇಳ್ದಂಗೆ ಆಗ್ಲಿ ಅಕ್ಕ" ಅಂದೆ, ದೊಡ್ಡವರ ಮಾತಿಗೆ ತಲೆಬಾಗುವವಳ ಹಾಗೆ.

ವರದಿ ಬರುವುದು ಮಂಗಳವಾರ ಸಂಜೆ. ಒಂದೂವರೆ ದಿನ ನನ್ನ ಕೈಯಲ್ಲಿ ಫೋನಿತ್ತು. ಡಾಕ್ಟರ ನಂಬರು ಇತ್ತು. ಮಂಗಳವಾರ ಮಧ್ಯಾಹ್ನ ಎರಡು ಸಲ ಆ ನಂಬರು ತೆಗೆದೆ, ಎರಡು ಸಲವೂ ಮುಚ್ಚಿದೆ. ಸಂಜೆ ಅವರೇ ಮಾಡಿದರು. "ಮೊದಲಿಗಿಂತ ಜಾಸ್ತಿ ಇದೆ. ಮಾತ್ರೆ ನಿಲ್ಲಿಸಿಬಿಡಿ, ಇವತ್ತಿಂದಲೇ. ಬಾಟಲಿ ವಾಪಸ್ ತನ್ನಿ. ತುಂಬಾ ಬೇಜಾರಾಗ್ತಿದೆ, ಅವರಿಗೆ ಚೆನ್ನಾಗಿ ಒಗ್ಗಿತ್ತು" ಅಂದರು.

"ಆಯ್ತು ಮೇಡಂ" ಅಂದೆ.

ಅಕ್ಕ ಬಾಟಲಿಯನ್ನು ದೇವರ ಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕ ಇಟ್ಟಿದ್ದಳು. ತಾನೇ ತೆಗೆದು ತಂದು ಕೊಟ್ಟಳು. "ಕೈಗೆ ಬಂದಿದ್ದು ಬಾಯಿಗೆ ಬರ್ಲಿಲ್ಲ" ಅಂದಳು, ಅಷ್ಟೇ. ನನ್ನನ್ನು ಒಂದು ಮಾತು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಾತ್ರೆ ರಕ್ತಕ್ಕೆ ಒಗ್ಗದೆ ನಿಲ್ಲಿಸಿದರು, ತನ್ನ ದೇಹವೇ ಸರಿಯಿಲ್ಲ ಎಂದು ಪಕ್ಕದ ಮನೆಯವರಿಗೆ ಹೇಳಿದಳು. ನನ್ನ ಗಂಡನಿಗೂ ಹಾಗೇ ಹೇಳಿದಳು.

ಎರಡು ವಾರದಲ್ಲಿ ಬಿಪಿ ಮತ್ತೆ ನೂರ ಎಂಬತ್ತು ದಾಟಿತು. ಡಾಕ್ಟರು ಬೇರೆ ಮಾತ್ರೆಗಳನ್ನು ಅದಲುಬದಲು ಮಾಡಿ ನೋಡಿದರು, ನಾನೂ ಬಲ್ಲವರನ್ನೆಲ್ಲ ಕೇಳಿದೆ. ಏನೂ ನಾಟಲಿಲ್ಲ. ರಂಗೋಲಿ ಚಿಕ್ಕದಾಯಿತು, ಆಮೇಲೆ ನಿಂತೇಹೋಯಿತು. ಒಂದು ಭಾನುವಾರ ನಾನು ಪಟ್ಟಿ ಸುತ್ತಲು ಹೋದರೆ ಕೈ ಎಳೆದುಕೊಂಡಳು. "ಬ್ಯಾಡ ಬುಡು. ಎಷ್ಟು ಅಂತ ತಿಳ್ಕಂಡು ಏನ್ಮಾಡಾನ?" ಫ್ಯಾಕ್ಟರಿಯಲ್ಲಿ ಮತ್ತೆ ಕಾಯಿನೀರು ಕುಡಿಯುತ್ತಿದ್ದಳು. ಬೇಡ ಅನ್ನಲು ಈಗ ಕಾರಣವೂ ಇರಲಿಲ್ಲ.

ನಾಲ್ಕು ತಿಂಗಳಿಗೆ, ಒಂದು ಬೆಳಗ್ಗೆ ಫ್ಯಾಕ್ಟರಿಯಿಂದ ಫೋನು ಬಂತು. ಹೆರೆಯುತ್ತಾ ಕೂತವಳ ಕೈಯಿಂದ ಚಾಕು ಬಿತ್ತಂತೆ. ಎತ್ತಿಕೊಳ್ಳಲು ಹೋದವಳು ಹಾಗೇ ಮಗ್ಗುಲಿಗೆ ವಾಲಿದಳಂತೆ. ನಾನು ಹೋಗುವಾಗ ಕಾಯಿಸಿಪ್ಪೆಯ ಚೀಲಗಳ ಮೇಲೆ ಮಲಗಿಸಿದ್ದರು. ಬಾಯಿ ಒಂದು ಕಡೆಗೆ ಎಳೆದಿತ್ತು. ಕಣ್ಣು ಮಾತ್ರ ಪೂರಾ ಎಚ್ಚರವಿತ್ತು. ಆಗಿರುವುದು ಏನೆಂದು ನನಗಿಂತ ಮೊದಲು ಅವಳಿಗೆ ಗೊತ್ತಾಗಿತ್ತು. ಆರು ವರ್ಷ ಹತ್ತಿರದಿಂದ ನೋಡಿದವಳಲ್ಲವೇ.

ಮೈಯ ಬಲಗಡೆ ಹೋಯಿತು. ಮಾತು ಹೋಯಿತು. ಜೀವ ಉಳಿಯಿತು. ಅವಳು ಯಾವುದನ್ನು ಬೇಡವೆಂದಿದ್ದಳೋ ಸರಿಯಾಗಿ ಅದೇ.

ಮೂರನೇ ದಿನ ನಾನು ಬೆಂಗಳೂರಿನ ಡಾಕ್ಟರ ಮುಂದೆ ಹೋಗಿ ನಿಂತು ಎಲ್ಲವನ್ನೂ ಹೇಳಿದೆ. ಬಸ್ ಸ್ಟ್ಯಾಂಡಿನ ಬೆಂಚು, ಒಗ್ಗರಣೆ, ಸಿಪ್ಪೆಯ ರಾಶಿ, ಒಂದೂವರೆ ದಿನದ ಫೋನು, ಯಾವುದನ್ನೂ ಬಿಡಲಿಲ್ಲ. ಕೆಲಸದಿಂದ ತೆಗೆಯಿರಿ ಎಂದು ನಾನೇ ಕೇಳಿಕೊಂಡೆ. ಅವರು ಅಕ್ಕನ ಹಾಳೆ ತೆಗೆದು ಎಳನೀರಿನ ಸಾಲನ್ನು ಇನ್ನೊಂದು ಸಲ ಓದಿದರು. ಆಮೇಲೆ, "ಆವತ್ತೇ ಹೇಳಿದ್ರೆ ನೀರು ನಿಲ್ಲಿಸಿ, ಸ್ವಲ್ಪ ದಿನ ಮಾತ್ರೆ ತಡೆದು, ಇನ್ನೊಂದು ಸಲ ರಕ್ತ ನೋಡ್ತಿದ್ವಿ. ಬಹುಶಃ ಮುಂದುವರಿಸಬಹುದಿತ್ತು" ಅಂದರು. ಬೈಯಲಿಲ್ಲ. ಬೈಯುವುದಕ್ಕಿಂತ ಅದು ಹೆಚ್ಚಾಗಿತ್ತು.

ಆ ಹಾಳೆಗಳನ್ನೆಲ್ಲ ಹೊರಗೆ ತೆಗೆದರು, ಮೇಲಿನವರಿಗೆ ಬರೆದರು. ನಾನು ಒಬ್ಬೊಬ್ಬರ ಮನೆಗೂ ಮತ್ತೆ ಹೋಗಿ ಕೇಳಬೇಕಾಯಿತು. ತುರುವೇಕೆರೆ ಕಡೆ ಒಬ್ಬ ಅಜ್ಜಿ ಮನೆಯಲ್ಲಿ ಚಟ್ನಿಗೆ ಒಡೆದ ಕಾಯಿಯ ನೀರನ್ನೆಲ್ಲ ತಾನೇ ಕುಡಿಯುವುದಾಗಿ ಹೇಳಿದಳು. ಅವಳ ರಕ್ತ ಸದ್ಯ ಸರಿಯಾಗಿತ್ತು. ಆಮೇಲೆ ಹಾಳೆಯಲ್ಲಿ ಎಳನೀರಿನ ಕೆಳಗೆ ಹೊಸ ಸಾಲು ಬಂತು: ಬಲಿತ ಕಾಯಿಯ ನೀರು, ಮನೆಯಲ್ಲಿ ಎಷ್ಟು, ಕೆಲಸದ ಜಾಗದಲ್ಲಿ ಎಷ್ಟು. ಒಂದು ತಿಂಗಳು ನನ್ನ ಜೊತೆ ಇನ್ನೊಬ್ಬರನ್ನು ಕಳಿಸಿ ನಾನು ಕೇಳುವುದನ್ನು ನೋಡಿಸಿದರು, ಎಚ್ಚರಿಕೆಯ ಪತ್ರ ಕೊಟ್ಟರು. ಕೆಲಸದಿಂದ ತೆಗೆಯಲಿಲ್ಲ.

ತೆಗೆಯಲೇ ಇಲ್ಲ. ಇದನ್ನು ನಾನು ಇವತ್ತಿಗೂ ನುಂಗಿಕೊಳ್ಳಲಾರೆ. ಯಾವ ಅನ್ನಕ್ಕಾಗಿ ಅಕ್ಕ ಬಾಯಿ ಮುಚ್ಚಿಕೊಂಡಳೋ ಅದಕ್ಕೆ ಏನೂ ಆಗುತ್ತಿರಲಿಲ್ಲ.

ಈಗ ಅಕ್ಕನ ಮಂಚ ನಡುಮನೆಯ ಮೂಲೆಯಲ್ಲಿದೆ. ಬೆಳಗ್ಗೆ ಮೈ ಒರೆಸುತ್ತೇನೆ, ಮಗ್ಗುಲು ಹೊರಳಿಸುತ್ತೇನೆ, ಬೆನ್ನಿಗೆ ಪುಡಿ ಹಾಕುತ್ತೇನೆ. ಮೊದಮೊದಲು ಬಟ್ಟೆ ಬಿಚ್ಚುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಈಗ ಸೂರು ನೋಡುತ್ತಾಳೆ. ಚಟ್ನಿಗೆ ಕಾಯಿ ಒಡೆದ ಸದ್ದಾದರೆ ಅಡುಗೆಮನೆಯ ಕಡೆ ಕಣ್ಣು ಹೊರಳಿಸುತ್ತಾಳೆ. ಒಂದು ಲೋಟ ಕೊಟ್ಟರೆ ಈಗ ಪರವಾಗಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಚಮಚದಲ್ಲಿ ಎಡಗಡೆಯಿಂದ ಬಿಡುತ್ತೇನೆ. ಅರ್ಧ ಒಳಗೆ ಹೋಗುತ್ತದೆ, ಅರ್ಧ ಬಲಗಡೆಯಿಂದ ಇಳಿದು ದಿಂಬಿಗೆ ಬೀಳುತ್ತದೆ. ಒರೆಸುತ್ತೇನೆ.

ಮಾತಿನಲ್ಲಿ ಎರಡೋ ಮೂರೋ ಚೂರು ಉಳಿದಿವೆ. ಸಂಜೆ ನಾನು ತುರುವೇಕೆರೆ ಬಸ್ಸಿಳಿದು ಬಂದು ಬ್ಯಾಗು ಗೂಟಕ್ಕೆ ಹಾಕುವಾಗ ಮಂಚದ ಮೇಲಿಂದ ಒಂದು ಮಾತು ಬರುತ್ತದೆ. ದಿನಾ ಬರುತ್ತದೆ. ಎಳೆದ ಬಾಯಿಯಲ್ಲಿ, ಉಸಿರು ಒಟ್ಟುಮಾಡಿಕೊಂಡು ಕೇಳುತ್ತಾಳೆ.

"ಕೆಲ್ಸ?"

"ಐತೆ ಕಣಕ್ಕ" ಅನ್ನುತ್ತೇನೆ. "ಹೋಗಿಲ್ಲ."

ಆಗ ಅವಳ ಮುಖದ ಎಡಗಡೆ ನಗುತ್ತದೆ.